ನೈಲಾನ್-6 ಮತ್ತು ಪಿಪಿ ಮಿಶ್ರಣಕ್ಕೆ ಕಾರ್ಬನ್ ನ್ಯಾನೊಟ್ಯೂಬ್: ಬಿಗಿತ ಬಂತು, ಏಟು ತಾಳುವ ಶಕ್ತಿ ಹೋಯಿತು, ಎಲ್ಲಿ ತಪ್ಪಿದೆ?

ಬನಹಟ್ಟಿ_ಪಿಕರ್

ಎಲ್ಲಾರಿಗೂ ನಮಸ್ಕಾರ್ರಿ. ಪವರ್‌ಲೂಮ್ ಪಿಕರ್ (ಶಟಲ್‌ಗೆ ಏಟು ಕೊಟ್ಟು ಓಡಿಸುವ ತುಂಡು) ಮತ್ತು ಬುಷ್‌ಗಳಿಗೆ ಒಂದು ಮಿಶ್ರಣ ನೋಡುತ್ತಿದ್ದೇವೆ. ನೈಲಾನ್-6 ತೂಕದಲ್ಲಿ ಶೇ 70, ಪಿಪಿ (ಪಾಲಿಪ್ರೊಪಿಲೀನ್) ಶೇ 30. ಪಿಪಿ ಹಾಕಿದ್ದು ನೀರು ಹೀರುವುದನ್ನು ತಗ್ಗಿಸಲು, ಜೊತೆಗೆ ದರಕ್ಕಾಗಿ. ಅದರ ಮೇಲೆ ಬಹುಗೋಡೆಯ ಕಾರ್ಬನ್ ನ್ಯಾನೊಟ್ಯೂಬ್ (ಮುಂದೆ ಸಿಎನ್‌ಟಿ ಎನ್ನುತ್ತೇನೆ) ಶೇ 1, 2, 3. ಪುಡಿ ಅಲ್ಲ, ನೈಲಾನ್-6ರಲ್ಲೇ ದಟ್ಟವಾಗಿ ಕಲಸಿಟ್ಟ ಶೇ 15ರ ಮಾಸ್ಟರ್‌ಬ್ಯಾಚ್ ದಾಣಾ (ಪ್ಲಾಸ್ಟಿಕ್ ಕಾಳು).

ಫಲಿತಾಂಶ ಹೀಗಿದೆ: ಸಿಎನ್‌ಟಿ ಏರಿಸಿದಂತೆ ಮಾಡ್ಯುಲಸ್ (ಬಿಗಿತದ ಅಳತೆ) ಏರುತ್ತದೆ. ಟೆನ್ಸೈಲ್ ಬಲ (ಎಳೆತ ತಾಳುವ ಶಕ್ತಿ) ಶೇ 1ರಲ್ಲಿ ತುಸು ಏರಿ ಆಮೇಲೆ ಇಳಿಯುತ್ತದೆ. ನಾಚ್ ಇಂಪ್ಯಾಕ್ಟ್ (ಕಚ್ಚು ಹಾಕಿದ ಪಟ್ಟಿಯ ಏಟು ತಾಳಿಕೆ) ಪ್ರತಿ ಹೆಜ್ಜೆಗೂ ಇಳಿಮುಖ. ಡಂಬೆಲ್ ಆಕಾರದ ಪಟ್ಟಿ ಎಳೆದಾಗ ನಡುವೆ ತೆಳುವಾಗಿ ಕುತ್ತಿಗೆ ಮೂಡುವ ಮೊದಲೇ ಪಟಕ್ಕನೆ ಮುರಿಯುತ್ತದೆ. ಗೇಟ್ (ಅಚ್ಚಿನೊಳಗೆ ಪ್ಲಾಸ್ಟಿಕ್ ನುಗ್ಗುವ ಬಾಯಿ) ಹತ್ತಿರ ಉಗುರಿನಿಂದ ಕೆರೆದರೆ ಈರುಳ್ಳಿ ಸಿಪ್ಪೆಯಂತೆ ಪದರ ಏಳುತ್ತದೆ. ಬೇರೆ ಕಂಪಾಟಿಬಲೈಸರ್ (ಎರಡು ಪ್ಲಾಸ್ಟಿಕ್‌ಗಳನ್ನು ಬೆಸೆಯುವ ಪದಾರ್ಥ) ಹಾಕಿಲ್ಲ. ಎರಡು ಪಾಲಿಮರ್‌ಗಳನ್ನು ಸಿಎನ್‌ಟಿಯೇ ಹಿಡಿದಿಡುತ್ತದೆ ಅಂತ ಎರಡು ಪ್ರಬಂಧಗಳಲ್ಲಿ ಇತ್ತು. ಬಿಗಿತವೂ ಬೇಕು, ಏಟು ತಾಳಿಕೆಯೂ ಬೇಕು, ಪಾಲಿಯೆಸ್ಟರ್ ನೂಲಿನ ಸ್ಟ್ಯಾಟಿಕ್ ಹೋಗುವಷ್ಟು ವಾಹಕತೆಯೂ ಬೇಕು. ಎಲ್ಲಿ ತಪ್ಪಿದ್ದೇವೆ?

ಘಟಪ್ರಭಾ_ದಂಡೆ

ಪದರ ಏಳುತ್ತದೆ ಅಂದರೆ ಅರ್ಧ ಉತ್ತರ ನೀವೇ ಹೇಳಿಬಿಟ್ಟಿರಿ. ನೈಲಾನ್‌ಗೂ ಪಿಪಿಗೂ ಆಗಿಬರುವುದಿಲ್ಲ. ಇನ್ನು ಮೂರು ವಿಷಯ ತಿಳಿಸಿರಿ. ಒಂದು, ದಾಣಾ ಎಲ್ಲಿ, ಎಷ್ಟು ತಾಸು ಒಣಗಿಸಿದಿರಿ? ಎರಡು, ಮಿಶ್ರಣ ಮಾಡಿದ್ದು ಟ್ವಿನ್ ಸ್ಕ್ರೂ ಎಕ್ಸ್‌ಟ್ರೂಡರ್‌ನಲ್ಲೋ (ಜೋಡಿ ಸ್ಕ್ರೂಗಳಿಂದ ಕರಗಿಸಿ ಕಲಸುವ ಯಂತ್ರ), ನೇರ ಇಂಜೆಕ್ಷನ್ ಮಷಿನ್ ಹಾಪರ್‌ನಲ್ಲೋ? ಮೂರು, ಸ್ಯಾಂಪಲ್ ಅಚ್ಚಿನಿಂದ ಹೊರಬಿದ್ದ ಮೇಲೆ ಎಷ್ಟು ದಿನಕ್ಕೆ ಟೆಸ್ಟ್ ಆಯಿತು, ಅಲ್ಲಿಯವರೆಗೆ ಎಲ್ಲಿ ಇಟ್ಟಿದ್ದಿರಿ?

ಬನಹಟ್ಟಿ_ಪಿಕರ್

ಟ್ರೇ ಓವನ್, 80 ಡಿಗ್ರಿ, ಮೂರು ತಾಸು. ಮೂರೂ ದಾಣಾ ಚೀಲದಲ್ಲಿ ಕುಲುಕಿ ನೇರ ಇಂಜೆಕ್ಷನ್ ಹಾಪರ್‌ಗೆ ಸುರಿದದ್ದು. ಟೆಸ್ಟ್ ಬೆಳಗಾವಿಯಲ್ಲಿ, ಒಂಬತ್ತು ದಿನದ ಮೇಲೆ. ಜುಲೈ ತಿಂಗಳು, ತೆರೆದ ಟ್ರೇ.

ಕಡಕ್_ಕುಂದಾ

ಹಂಗಾದ್ರ ಮೂರೂ ಕಡೆ ತಪ್ಪೈತ್ರಿ. ಸಿಎನ್‌ಟಿ ಮೇಲೆ ಸಿಟ್ಟಾಗಬ್ಯಾಡ್ರಿ, ಅದಕ್ಕಿನ್ನೂ ಕೆಲಸಾನ ಕೊಟ್ಟಿಲ್ಲ ನೀವು.

ಮೊದಲು ಎರಡು ಪ್ಲಾಸ್ಟಿಕ್ ತಾಗುವ ಗಡಿಯ ವಿಷಯ. ಬೆಳಗಾವಿ ಸೀಮೆಯವರಿಗೆ ಗಡಿ ತಂಟೆ ಏನೆಂದು ಹೇಳಿಕೊಡಬೇಕಾಗಿಲ್ಲ. ನೈಲಾನ್ ಧ್ರುವೀಯ, ಪಿಪಿ ಅಲ್ಲ. ಕರಗಿದ ಸ್ಥಿತಿಯಲ್ಲಿ ಪಿಪಿ ದಪ್ಪ ಹನಿಗಳಾಗಿ ನಿಲ್ಲುತ್ತದೆ, ಇಂಜೆಕ್ಷನ್ ಹರಿವಿನಲ್ಲಿ ಆ ಹನಿಗಳು ಎಳೆದುಕೊಂಡು ಹಾಳೆಗಳಾಗುತ್ತವೆ. ನೀವು ಉಗುರಿನಿಂದ ಎಬ್ಬಿಸಿದ್ದು ಅದೇ ಹಾಳೆ. ಇದಕ್ಕೆ ಮದ್ದು ಮೆಲೆಯಿಕ್ ಅನ್‌ಹೈಡ್ರೈಡ್ ಕಸಿ ಮಾಡಿದ ಪಿಪಿ (ಮುಂದೆ ಕಸಿ ಪಿಪಿ). ಅನ್‌ಹೈಡ್ರೈಡ್ ಗುಂಪು ನೈಲಾನ್ ಸರಪಳಿಯ ತುದಿಯ ಅಮೀನ್ ಜೊತೆ ಬ್ಯಾರೆಲ್ ಒಳಗೇ ಪ್ರತಿಕ್ರಿಯಿಸಿ, ಅರ್ಧ ನೈಲಾನ್ ಅರ್ಧ ಪಿಪಿ ಇರುವ ಅಣು ಹುಟ್ಟುತ್ತದೆ. ಅದು ಗಡಿಯಲ್ಲೇ ಕೂರುತ್ತದೆ, ಹನಿಗಳು ಮತ್ತೆ ಕೂಡಿಕೊಳ್ಳಲು ಬಿಡುವುದಿಲ್ಲ.

ಎಷ್ಟು ಹಾಕಬೇಕು? ಶೇ 1 ಕಸಿ ಇರುವ ಗ್ರೇಡ್ ಆದರೆ ಒಂದು ಗ್ರಾಂನಲ್ಲಿ ಸುಮಾರು 100 ಮೈಕ್ರೊಮೋಲ್ ಅನ್‌ಹೈಡ್ರೈಡ್. ನೈಲಾನ್-6ರಲ್ಲಿ ಗ್ರಾಂಗೆ ಸುಮಾರು 45 ಮೈಕ್ರೊಮೋಲ್ ಅಮೀನ್ ತುದಿ ಹಿಡಿಯಿರಿ. 5 ಕೆಜಿ ಬ್ಯಾಚಿಗೆ 250 ಗ್ರಾಂ ಹಾಕಿದರೆ 25 ಮಿಲಿಮೋಲ್ ಅನ್‌ಹೈಡ್ರೈಡ್, ಎದುರಿಗೆ 156 ಮಿಲಿಮೋಲ್ ಅಮೀನ್. ಅಮೀನ್‌ಗೆ ಬರ ಇಲ್ಲ. ಆದ್ದರಿಂದ ಶೇ 5 ಸಾಕು, 10 ಹಾಕಿದರೆ ಕಸಿ ಪಿಪಿಯ ಕಡಿಮೆ ಅಣುತೂಕವೇ ಬಲ ತಿನ್ನಲು ಶುರುಮಾಡುತ್ತದೆ.

5 ಕೆಜಿಗೆ ತೂಕ, ಸಿಎನ್‌ಟಿ ಶೇ 1:

ಮಾಸ್ಟರ್‌ಬ್ಯಾಚ್ 333 ಗ್ರಾಂ (ಒಳಗೆ 50 ಗ್ರಾಂ ಸಿಎನ್‌ಟಿ, 283 ಗ್ರಾಂ ನೈಲಾನ್)
ಬರಿ ನೈಲಾನ್-6 3182 ಗ್ರಾಂ
ಪಿಪಿ 1235 ಗ್ರಾಂ
ಕಸಿ ಪಿಪಿ 250 ಗ್ರಾಂ

ಮಾಸ್ಟರ್‌ಬ್ಯಾಚ್ ಒಳಗಿನ ನೈಲಾನನ್ನು ಕಳೆಯುವುದು ಮರೆಯಬೇಡಿ. ಶೇ 3ಕ್ಕೆ ಹೋದಾಗ ಅದೊಂದೇ 850 ಗ್ರಾಂ ಆಗುತ್ತದೆ. ಅದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ನೀವು ಹೋಲಿಸುತ್ತಿರುವುದು ಮೂರು ಬೇರೆ ಬೇರೆ ನೈಲಾನ್–ಪಿಪಿ ಅನುಪಾತಗಳನ್ನು, ಸಿಎನ್‌ಟಿಯನ್ನಲ್ಲ.

ಸಿಎನ್‌ಟಿಯೇ ಗಡಿ ಹಿಡಿಯುತ್ತದೆ ಎಂಬ ಪ್ರಬಂಧ ಸುಳ್ಳಲ್ಲ. ಆದರೆ ಟ್ಯೂಬು ಗಡಿಯಲ್ಲಿ ನಿಂತರೆ ಮಾತ್ರ ಆ ಮಾತು. ನಿಮ್ಮ ಟ್ಯೂಬು ನೈಲಾನ್ ದಾಣಾದೊಳಗೇ ಹುಟ್ಟಿ ಬಂದದ್ದು, ನೈಲಾನ್ ಅದಕ್ಕೆ ಇಷ್ಟ. ಗಡಿಗೆ ಬರಲು ಅದಕ್ಕೆ ಕಾರಣವೇ ಇಲ್ಲ.

ಘಟಪ್ರಭಾ_ದಂಡೆ

ಕಸಿ ಆಗಿದೆಯೋ ಇಲ್ಲವೋ ನೋಡಲು ಎಸ್‌ಇಎಂವರೆಗೆ (ಎಲೆಕ್ಟ್ರಾನ್ ಮೈಕ್ರೋಸ್ಕೋಪ್) ಓಡಬೇಕಿಲ್ಲ. ಮೊಲಾವ್ ಪರೀಕ್ಷೆ ಮಾಡಿರಿ. ಸಿಎನ್‌ಟಿ ಇಲ್ಲದ ಮಿಶ್ರಣದ 0.2 ಗ್ರಾಂ ಚೂರು, 10 ಮಿಲಿ ಫಾರ್ಮಿಕ್ ಆಮ್ಲ (ಶೇ 85ಕ್ಕಿಂತ ಮೇಲೆ), ಟೆಸ್ಟ್ ಟ್ಯೂಬ್, ಒಂದು ದಿನ ಬಿಡಿ. ನೈಲಾನ್ ಕರಗುತ್ತದೆ, ಪಿಪಿ ಕರಗುವುದಿಲ್ಲ. ಕಸಿ ಆಗದಿದ್ದರೆ ಪಿಪಿ ಬಿಡಿಬಿಡಿಯಾಗಿ ಮೇಲೆ ತೇಲಿ ಕೆಳಗಿನ ದ್ರವ ತಿಳಿಯಾಗಿ ಕಾಣುತ್ತದೆ. ಆಗಿದ್ದರೆ ಮಜ್ಜಿಗೆಯಂತೆ ಬೆಳ್ಳಗೆ ನಿಂತುಬಿಡುತ್ತದೆ, ದಿನ ಕಳೆದರೂ ತಿಳಿಯಾಗುವುದಿಲ್ಲ. ಆಮ್ಲ ಚರ್ಮ ಸುಡುತ್ತದೆ, ಹಬೆ ಮೂಗಿಗೆ ಹತ್ತುತ್ತದೆ. ಕೈಗವಸು, ಕನ್ನಡಕ, ಫ್ಯೂಮ್ ಹುಡ್ ಇಲ್ಲದೆ ಮುಟ್ಟಬೇಡಿ.

ಸಿಎನ್‌ಟಿ ಇರುವ ಚೂರನ್ನೂ ಇದೇ ರೀತಿ ನೆನೆಸಿ ಇಡಿ. ಅದು ಬೇರೆ ಕಥೆ ಹೇಳುತ್ತದೆ. ಆಮ್ಲವೇ ಕಪ್ಪಾಗಿ, ತೇಲುವ ಪಿಪಿ ಬೂದು-ಬಿಳಿ ಇದ್ದರೆ ಟ್ಯೂಬುಗಳು ನೈಲಾನ್‌ನಲ್ಲಿವೆ. ತೇಲುವುದೇ ಕಪ್ಪಾಗಿದ್ದರೆ ಪಿಪಿಯಲ್ಲೋ ಗಡಿಯಲ್ಲೋ ಇವೆ. ಚೂರು ಕರಗದೆ ಆಕಾರ ಹಿಡಿದು ನಿಂತರೆ, ಪಿಪಿ ಹನಿಯಾಗಿ ಉಳಿಯದೆ ಒಂದಕ್ಕೊಂದು ಕೂಡಿಕೊಂಡು ಜಾಲವಾಗಿದೆ ಎಂದರ್ಥ.

ಗುಮ್ಮಟ_ಪ್ರತಿಧ್ವನಿ

ಒಣಗಿಸುವ ಮತ್ತು ಟೆಸ್ಟ್ ಮಾಡುವ ಭಾಗ ನನಗೆ ಬಿಡಿ.

ಟ್ರೇ ಓವನ್ ಹೊರಗಿನ ಗಾಳಿಯನ್ನೇ ಕಾಯಿಸುತ್ತದೆ. ಮಳೆಗಾಲದಲ್ಲಿ ಬೆಳಗಾವಿ ಗಾಳಿಯ ಡ್ಯೂ ಪಾಯಿಂಟ್ (ತೇವ ಇಬ್ಬನಿಯಾಗುವ ತಾಪ) 20–22 ಡಿಗ್ರಿ ಆಸುಪಾಸು. ಅದನ್ನು 80ಕ್ಕೆ ಕಾಯಿಸಿದರೂ ಒಳಗಿನ ಗಾಳಿಯಲ್ಲಿ ಶೇ 5ರಷ್ಟು ಸಾಪೇಕ್ಷ ತೇವಾಂಶ ಉಳಿಯುತ್ತದೆ. ನೈಲಾನ್ ಆ ಗಾಳಿಯೊಂದಿಗೆ ಸಮತೋಲಕ್ಕೆ ಬಂದು ನಿಲ್ಲುತ್ತದೆ, ಆರು ತಾಸು ಇಟ್ಟರೂ ಹತ್ತು ತಾಸು ಇಟ್ಟರೂ ಅಷ್ಟೇ. ದಾಣಾದಲ್ಲಿ ನೀರು ಶೇ 0.2ಕ್ಕಿಂತ ಕಡಿಮೆ ಇರಬೇಕು, ಮನಸ್ಸಿಗೆ ಸಮಾಧಾನ ಆಗಬೇಕಾದರೆ 0.1. ಡಿಹ್ಯೂಮಿಡಿಫೈಯಿಂಗ್ ಹಾಪರ್ ಡ್ರೈಯರ್ (ಗಾಳಿಯ ತೇವ ತೆಗೆದು ಒಣಗಿಸುವುದು), ಮೈನಸ್ 30 ಡಿಗ್ರಿ ಡ್ಯೂ ಪಾಯಿಂಟ್, 80 ಡಿಗ್ರಿ, ಆರು ತಾಸು. ಅಥವಾ ವ್ಯಾಕ್ಯೂಮ್ ಓವನ್. ಮಾಸ್ಟರ್‌ಬ್ಯಾಚ್ ಕೂಡ ನೈಲಾನ್ ಎಂಬುದನ್ನು ಮರೆಯಬೇಡಿ. ಚೀಲ ಒಡೆದು ಮೂಲೆಯಲ್ಲಿ ಇಟ್ಟಿದ್ದರೆ ಅದೇ ಅತಿ ಒದ್ದೆ ದಾಣಾ.

ಬೇಗ ಒಣಗಲಿ ಅಂತ ಗಾಳಿ ಓವನ್ ಅನ್ನು 110ಕ್ಕೆ ಏರಿಸುವವರಿದ್ದಾರೆ. ಬಿಳಿ ನೈಲಾನ್ ಆದರೆ ಹಳದಿಯಾಗಿ ಎಚ್ಚರಿಸುತ್ತದೆ. ಕಪ್ಪು ಮಾಸ್ಟರ್‌ಬ್ಯಾಚ್ ಆಕ್ಸಿಡೈಸ್ ಆದರೂ ಕಪ್ಪಗೇ ಇರುತ್ತದೆ. ಮುರಿದ ಮೇಲೆ ಸಿಎನ್‌ಟಿ ಮೇಲೆ ಆಪಾದನೆ.

ಇನ್ನು ಒಂಬತ್ತು ದಿನ ತೆರೆದ ಟ್ರೇ. ಒಣ ನೈಲಾನ್-6ರ ಮಾಡ್ಯುಲಸ್ 3 ಗಿಗಾಪಾಸ್ಕಲ್ ಹತ್ತಿರ. 23 ಡಿಗ್ರಿ, ಶೇ 50 ತೇವಾಂಶದಲ್ಲಿ ಸಮತೋಲಕ್ಕೆ ಬಂದಾಗ ಶೇ 2.5–3 ನೀರು ಕುಡಿದು 1 ಗಿಗಾಪಾಸ್ಕಲ್ ಸುತ್ತ ಬರುತ್ತದೆ. ಮೂರರಲ್ಲಿ ಒಂದು ಪಾಲು! ಶೇ 1 ಸಿಎನ್‌ಟಿ ಕೊಡುವ ಬದಲಾವಣೆ ಇದರ ಮುಂದೆ ಏನೂ ಅಲ್ಲ. ಇದೇ ಸ್ಯಾಂಪಲ್ ಏಪ್ರಿಲ್‌ನಲ್ಲಿ ವಿಜಯಪುರದಲ್ಲಿ ಒಂಬತ್ತು ದಿನ ಇಟ್ಟಿದ್ದರೆ ಬೇರೆ ಅಂಕಿ ಬರುತ್ತಿತ್ತು. ಒಂದೇ ದಾಣಾಕ್ಕೆ ಎರಡು ಊರಲ್ಲಿ ಎರಡು ಡೇಟಾಶೀಟ್.

ಎರಡೇ ದಾರಿ. ಒಂದೋ ಅಚ್ಚಿನಿಂದ ಬಿದ್ದ ಕೂಡಲೇ ಅಲ್ಯೂಮಿನಿಯಂ ಪದರದ ಚೀಲದಲ್ಲಿ ಸಿಲಿಕಾ ಜೆಲ್ ಜೊತೆ ಸೀಲ್ ಮಾಡಿ, ಒಣ ಸ್ಥಿತಿಯಲ್ಲಿ ಟೆಸ್ಟ್ ಮಾಡಿ, ವರದಿಯಲ್ಲಿ 'ಒಣ' ಎಂದು ಬರೆಯಿರಿ. ಇಲ್ಲವೇ ಐಎಸ್‌ಒ 1110 ಪ್ರಕಾರ 70 ಡಿಗ್ರಿ, ಶೇ 62 ತೇವಾಂಶದಲ್ಲಿ ತೂಕ ನಿಲ್ಲುವವರೆಗೆ ಇಟ್ಟು 'ಕಂಡಿಶನ್ಡ್' ಎಂದು ಬರೆಯಿರಿ. ಕೋಣೆಯ ತಾಪದಲ್ಲಿ 4 ಮಿಮೀ ದಪ್ಪದೊಳಗೆ ನೀರು ಸಮನಾಗಿ ಇಳಿಯಲು ವಾರಗಟ್ಟಲೆ ಬೇಕು, ಒಂಬತ್ತು ದಿನ ಅಂದರೆ ಹೊರಗೆ ಒದ್ದೆ, ಒಳಗೆ ಒಣ. 80×10×4 ಮಿಮೀ ಪಟ್ಟಿ ನಿಮ್ಮ ಮಿಶ್ರಣದಲ್ಲಿ ಸುಮಾರು 3.4 ಗ್ರಾಂ ತೂಗುತ್ತದೆ. ಶೇ 1 ನೀರು ಅಂದರೆ 34 ಮಿಲಿಗ್ರಾಂ. ಒಂದು ಮಿಲಿಗ್ರಾಂ ತೋರಿಸುವ ತಕ್ಕಡಿ ಇದ್ದರೆ ಸಾಕು, ಪ್ರತಿ ಪಟ್ಟಿಗೂ ನಂಬರ್ ಕೊಟ್ಟು ಬಿದ್ದಾಗಿನ ತೂಕ, ಮುರಿಯುವ ಮುಂಚಿನ ತೂಕ ಎರಡನ್ನೂ ಬರೆದಿಡಿ.

ಟೆನ್ಸೈಲ್ ಐಎಸ್‌ಒ 527 ಆದರೆ ಮಾಡ್ಯುಲಸ್‌ಗೆ ನಿಮಿಷಕ್ಕೆ 1 ಮಿಮೀ ವೇಗ, ಶೇ 0.05ರಿಂದ 0.25 ಸ್ಟ್ರೇನ್ (ಹಿಗ್ಗುವಿಕೆ) ನಡುವೆ, ಪಟ್ಟಿಯ ಹಿಗ್ಗು ಅಳೆಯುವ ಎಕ್ಸ್‌ಟೆನ್ಸೋಮೀಟರ್ ಹಚ್ಚಿಯೇ. ಆಮೇಲೆ ವೇಗ 50ಕ್ಕೆ ಏರಿಸಿ ಮುರಿಯಿರಿ. ಕ್ರಾಸ್‌ಹೆಡ್ (ಮಷಿನ್ನಿನ ಎಳೆಯುವ ಭಾಗ) ಚಲನೆಯಿಂದ ಮಾಡ್ಯುಲಸ್ ತೆಗೆದರೆ ಗ್ರಿಪ್ ಜಾರಿದ್ದೂ ಪ್ಲಾಸ್ಟಿಕ್ಕಿನ ಲೆಕ್ಕಕ್ಕೆ ಬೀಳುತ್ತದೆ. ಮಷಿನ್ ಸಾಮರ್ಥ್ಯವನ್ನೂ ಕೇಳಿಕೊಳ್ಳಿ. 10×4 ಅಡ್ಡಕೊಯ್ತಕ್ಕೆ 60 ಮೆಗಾಪಾಸ್ಕಲ್ ಅಂದರೆ 2.4 ಕಿಲೋನ್ಯೂಟನ್. ಕಬ್ಬಿಣದ ಸರಳು ಎಳೆಯುವ 400 ಕಿಲೋನ್ಯೂಟನ್ ಯುಟಿಎಂನಲ್ಲಿ (ಬಲ ಪರೀಕ್ಷಿಸುವ ಯಂತ್ರ) ಇದನ್ನು ಅಳೆಯುವುದು ಸಕ್ಕರೆ ಕಾರ್ಖಾನೆಯ ಕಬ್ಬಿನ ಕಾಟಾದ ಮೇಲೆ ಬಂಗಾರ ತೂಗಿದ ಹಾಗೆ. 5 ಅಥವಾ 10 ಕಿಲೋನ್ಯೂಟನ್ ಲೋಡ್ ಸೆಲ್ ಇರಬೇಕು.

ಚಾರ್ಪಿ ಏಟಿನ ಪರೀಕ್ಷೆಗೆ ನಾಚ್ ಅಚ್ಚಿನಲ್ಲೇ ಮೂಡಿಸಬೇಡಿ, ಕತ್ತರಿಸಿ: ತ್ರಿಜ್ಯ 0.25 ಮಿಮೀ, ಉಳಿದ ಅಗಲ 8 ಮಿಮೀ. ಅಚ್ಚಿನ ನಾಚ್‌ನಲ್ಲಿ ಮೇಲ್ಪದರ ಸುತ್ತಿಕೊಂಡು ಬರುತ್ತದೆ, ಇಂಪ್ಯಾಕ್ಟ್ ಸುಳ್ಳೇ ಹೆಚ್ಚು ಕಾಣುತ್ತದೆ. ಬ್ಲೇಡ್ ಮೊಂಡಾದರೂ ತಳ ಕರಗಿ ಅದೇ ಸುಳ್ಳು. ಒಂದು ಗುಂಪಿಗೆ ಕನಿಷ್ಠ ಹತ್ತು ಪಟ್ಟಿ.

ಮಚ್ಛೆ_ಮೋಲ್ಡರ್

ಅಣ್ಣಾರ, ಇಷ್ಟೆಲ್ಲಾ ಯಾಕ್ರಿ? ಬಿಗಿತ ಬೇಕಂದ್ರ ನೈಲಾನ್-6ಕ್ಕ ಶೇ 30 ಗ್ಲಾಸ್ ಫೈಬರ್ ಹಾಕಿದ್ರ ಒಣ ಸ್ಥಿತಿಯೊಳಗ 9 ಗಿಗಾಪಾಸ್ಕಲ್ ದಾಟತೈತಿ. ಸಿಎನ್‌ಟಿ ಒಂದು ಪರ್ಸೆಂಟ್ ಹಾಕಿ ಮೂರರಿಂದ ಮೂರೂವರೆಗೆ ತರೂದು ಯಾವ ಲೆಕ್ಕ?

ಕಡಕ್_ಕುಂದಾ

ಬರೇ ಬಿಗಿತಕ್ಕೆ ಅಂದರೆ ನಿಮ್ಮ ಮಾತೇ ಖರೆ. ಆದರೆ ಪಿಕರ್‌ನಲ್ಲಿ ಗ್ಲಾಸ್ ಹಾಕಿದರೆ ಶಟಲ್ ತುದಿ ತಿಂದುಹಾಕುತ್ತದೆ, ಸವೆದ ಜಾಗದಲ್ಲಿ ಎಳೆ ಎದ್ದು ನೂಲು ಹರಿಯುತ್ತದೆ, ಸ್ಟ್ಯಾಟಿಕ್ ಹೋಗುವುದಿಲ್ಲ. ಸಿಎನ್‌ಟಿ ಯಾಕೆ ಅಂದರೆ ಶೇ 1–2ರಲ್ಲೇ ವಾಹಕತೆ ಬರುತ್ತದೆ, ಮೇಲ್ಮೈ ನುಣುಪು ಉಳಿಯುತ್ತದೆ. ಬಿಗಿತ ಜೊತೆಗೆ ಬಂದ ಲಾಭ, ಅಷ್ಟೇ.

ಪುಸ್ತಕದ ಲೆಕ್ಕ ನೋಡಿ ಮೋಸ ಹೋಗುವುದು ಇಲ್ಲೇ. ಟ್ಯೂಬಿನ ಮಾಡ್ಯುಲಸ್ 1000 ಗಿಗಾಪಾಸ್ಕಲ್ ಅಂತ ಎಲ್ಲೆಡೆ ಬರೆದಿರುತ್ತದೆ. ಶೇ 1 ತೂಕ ಅಂದರೆ ಸುಮಾರು ಶೇ 0.6 ಗಾತ್ರ. ಎಲ್ಲ ದಿಕ್ಕಿಗೂ ಚೆದುರಿದ್ದಕ್ಕೆ 0.2ರಿಂದ ಗುಣಿಸಿದರೂ 1.2 ಗಿಗಾಪಾಸ್ಕಲ್ ಏರಬೇಕು. ಏರುವುದಿಲ್ಲ. ಯಾಕಂದರೆ ಮಾರುಕಟ್ಟೆಯಲ್ಲಿ ಸಿಗುವುದು ಅನಿಲದಿಂದ ಬೆಳೆಸಿದ, ದೋಷ ತುಂಬಿದ ಟ್ಯೂಬು. ನೆಟ್ಟಗಿರುವುದಿಲ್ಲ, ಬೇಯಿಸಿದ ಶಾವಿಗೆಯಂತೆ ಸುತ್ತಿಕೊಂಡಿರುತ್ತದೆ. 9.5 ನ್ಯಾನೊಮೀಟರ್ ವ್ಯಾಸ, 1.5 ಮೈಕ್ರೊಮೀಟರ್ ಉದ್ದದ ಟ್ಯೂಬು ಕಾಗದದ ಮೇಲೆ 150ಕ್ಕೂ ಮೀರಿದ ಅನುಪಾತ, ಸುತ್ತಿಕೊಂಡ ಮೇಲೆ ಎಷ್ಟು ಉಳಿಯಿತು? ಹೊರಗೋಡೆ ಹಿಡಿದು ಎಳೆದರೆ ಒಳಗೋಡೆಗಳು ಜಾರುತ್ತವೆ, ಭಾರ ಹೊರುವುದಿಲ್ಲ.

ಘಟಪ್ರಭಾ_ದಂಡೆ

ಇದಕ್ಕೆ ಮೇಲ್ಮೈ ಲೆಕ್ಕ ಸೇರಿಸುತ್ತೇನೆ. ಇಂಥ ಟ್ಯೂಬಿಗೆ ಗ್ರಾಂಗೆ 250 ಚದರ ಮೀಟರ್ ಮೇಲ್ಮೈ. 50 ಗ್ರಾಂಗೆ 12,500 ಚದರ ಮೀಟರ್, ಮೂರು ಎಕರೆ ಹೊಲಕ್ಕೆ ಮಿಕ್ಕಿ. 5 ಕೆಜಿ ದಾಣಾದ ಚೀಲದಲ್ಲಿ ಮೂರು ಎಕರೆ! ಅದೆಲ್ಲವನ್ನೂ ನೈಲಾನ್ ತೋಯಿಸಬೇಕು. ತೋಯಿಸದೆ ಬಿಟ್ಟ ಜಾಗವೇ ಗಂಟು. 20 ಮೈಕ್ರೊಮೀಟರ್‌ಗಿಂತ ದೊಡ್ಡ ಗಂಟು ಏಟಿನ ಪಟ್ಟಿಯಲ್ಲಿ ಬಿರುಕಿನ ಬೀಜ ಇದ್ದಂತೆ. ನಿಮ್ಮ ಇಂಪ್ಯಾಕ್ಟ್ ಇಳಿದದ್ದರಲ್ಲಿ ಇದಕ್ಕೂ ಪಾಲಿದೆ.

ನೋಡುವುದು ಸುಲಭ. ಒಂದು ದಾಣಾದಿಂದ ತೆಳು ಚೂರು ಹೆರೆದು ಎರಡು ಗಾಜಿನ ಸ್ಲೈಡ್ ನಡುವೆ ಇಟ್ಟು, 240 ಡಿಗ್ರಿ ಹಾಟ್ ಪ್ಲೇಟ್ ಮೇಲೆ ಬೆಳಕು ಹಾಯುವಷ್ಟು ತೆಳುವಾಗುವವರೆಗೆ ಒತ್ತಿರಿ. ನೂರು ಪಟ್ಟು ಮೈಕ್ರೋಸ್ಕೋಪಿನಲ್ಲಿ ಕಂದು ಹಿನ್ನೆಲೆಯಲ್ಲಿ ಕಪ್ಪು ಚುಕ್ಕೆ ಎಣಿಸಿ. ಹತ್ತು ಜಾಗ ನೋಡಿ. ಹಿನ್ನೆಲೆ ಬೆಳ್ಳಗಿದ್ದು ಚುಕ್ಕೆ ಮಾತ್ರ ಕಪ್ಪಗಿದ್ದರೆ ಮಾಸ್ಟರ್‌ಬ್ಯಾಚ್ ಇನ್ನೂ ಬಿಚ್ಚಿಕೊಂಡೇ ಇಲ್ಲ.

ಬನಹಟ್ಟಿ_ಪಿಕರ್

ನೋಡಿದೆ. ಬೂದು ಹಿನ್ನೆಲೆ, ನಡುನಡುವೆ ಎಣ್ಣೆ ಹರಿದಂತೆ ಕಪ್ಪು ಗೆರೆಗಳು, ಗೆರೆಯ ಒಳಗೆ ಚುಕ್ಕೆ. ಫಾರ್ಮಿಕ್ ಆಮ್ಲದಲ್ಲಿ ಸಿಎನ್‌ಟಿ ಇಲ್ಲದ್ದು ತಿಳಿಯಾಗಿ ಪಿಪಿ ತೇಲಿತು. ಶೇ 3ರ ಚೂರು ಅರೆಬರೆ ಆಕಾರ ಹಿಡಿದು ನಿಂತಿದೆ. ಶೇ 1ರದ್ದು ಪೂರ್ತಿ ಬಿಟ್ಟುಕೊಂಡಿತು. ಇದೇನಿದು?

ಕಡಕ್_ಕುಂದಾ

ಕಪ್ಪು ಗೆರೆ ಇಂಜೆಕ್ಷನ್ ಸ್ಕ್ರೂ ಕಲಸಲಾರದ್ದರ ಗುರುತು. ಶೇ 3ರದ್ದು ಹೆಚ್ಚು ಸ್ವಾರಸ್ಯ. 70/30 ತೂಕ ಅಂದರೆ ಗಾತ್ರದಲ್ಲಿ 65/35 (ನೈಲಾನ್ ಸಾಂದ್ರತೆ 1.13, ಪಿಪಿ 0.905). ಯಾವುದು ಸಮುದ್ರ, ಯಾವುದು ದ್ವೀಪ ಎಂಬುದನ್ನು ಗಾತ್ರದ ಅನುಪಾತವೂ ಕರಗಿದಾಗಿನ ಸ್ನಿಗ್ಧತೆಯ ಅನುಪಾತವೂ ಸೇರಿ ತೀರ್ಮಾನಿಸುತ್ತವೆ. ಒರಟು ನಿಯಮ ಹೀಗಿದೆ: ಎರಡೂ ಅನುಪಾತಗಳು ಸಮವಾದಾಗ ತಿರುವು. ಇಲ್ಲಿ 65/35 ಅಂದರೆ 1.9. ಬ್ಯಾರೆಲ್‌ನಲ್ಲಿ ನೈಲಾನ್ ಪಿಪಿಗಿಂತ 1.9 ಪಟ್ಟು ದಪ್ಪವಾದರೆ ಪಿಪಿ ದ್ವೀಪವಾಗಿ ಉಳಿಯದೆ ಜಾಲವಾಗತೊಡಗುತ್ತದೆ. ಟ್ಯೂಬೆಲ್ಲ ನೈಲಾನ್‌ಗೇ ಹೋಗಿರುವುದರಿಂದ ನಿಮ್ಮ ಶೇ 3 ನೈಲಾನ್ ಪಾಲಿಗೆ ಶೇ 4ಕ್ಕೂ ಹೆಚ್ಚು. ನೈಲಾನ್ ಮಂದವಾಯಿತು, ಪಿಪಿ ಜಾಲ ಕಟ್ಟಿತು. ನೀವು ಫಿಲ್ಲರ್ ಏರಿಸಿದೆವು ಅಂದುಕೊಂಡಿರಿ, ಮಿಶ್ರಣದ ಒಳಮನೆಯೇ ಬದಲಾಗಿ ಕೂತಿದೆ.

ಪಿಪಿಯನ್ನು ತುಂಬಾ ತೆಳು ಗ್ರೇಡ್ ತೆಗೆದುಕೊಂಡಿದ್ದರೆ ಇದು ಇನ್ನೂ ಬೇಗ ಆಗುತ್ತದೆ. ಎಂಎಫ್‌ಐ (ಕರಗಿದಾಗ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬ ಅಳತೆ) ಎಷ್ಟು?

ಬನಹಟ್ಟಿ_ಪಿಕರ್

35. ಅಚ್ಚು ಬೇಗ ತುಂಬಲಿ ಅಂತ.

ಕಡಕ್_ಕುಂದಾ

ಅದೇ ನೋಡ್ರಿ! 3ರಿಂದ 10ರ ನಡುವಿನದು ಹಿಡೀರಿ (230 ಡಿಗ್ರಿ, 2.16 ಕೆಜಿ). ಆಗ ನೈಲಾನ್ ತುಸು ಮಂದವಾದರೂ ಪಿಪಿ ಹನಿಯಾಗಿಯೇ ಇರುತ್ತದೆ, ಕಸಿಯಿಂದ ಹನಿ ಸಣ್ಣದೂ ಆಗುತ್ತದೆ. ಸಿಎನ್‌ಟಿಯನ್ನು 1.5ಕ್ಕೆ ನಿಲ್ಲಿಸಿ.

ಗುಮ್ಮಟ_ಪ್ರತಿಧ್ವನಿ

ಟ್ಯೂಬು ಎಲ್ಲಿ ಕೂರುತ್ತದೆ ಎಂಬುದಕ್ಕೆ ವೆಟಿಂಗ್ ಕೋಎಫಿಶಿಯೆಂಟ್ ಲೆಕ್ಕ ಹಾಕುವವರಿಗೆ ಒಂದು ಎಚ್ಚರಿಕೆ. ಸೂತ್ರ ಸರಳ: ಟ್ಯೂಬ್–ಪಿಪಿ ಗಡಿ ಒತ್ತಡದಿಂದ ಟ್ಯೂಬ್–ನೈಲಾನ್ ಗಡಿ ಒತ್ತಡ ಕಳೆದು, ಪಿಪಿ–ನೈಲಾನ್ ಗಡಿ ಒತ್ತಡದಿಂದ ಭಾಗಿಸಿ. 1ಕ್ಕಿಂತ ಹೆಚ್ಚು ಬಂದರೆ ನೈಲಾನ್, ಮೈನಸ್ 1ಕ್ಕಿಂತ ಕಡಿಮೆ ಆದರೆ ಪಿಪಿ, ನಡುವೆ ಇದ್ದರೆ ಗಡಿ. ತೊಂದರೆ ಏನೆಂದರೆ ಟ್ಯೂಬಿನ ಮೇಲ್ಮೈ ಶಕ್ತಿಗೆ ಚದರ ಮೀಟರ್‌ಗೆ 27.8 ಮತ್ತು 45.3 ಮಿಲಿಜೂಲ್ ಎರಡೂ ಅಂಕಿಗಳು ಬಳಕೆಯಲ್ಲಿವೆ. ಪಾಲಿಮರ್ ಅಂಕಿಗಳನ್ನು ಕೋಣೆಯ ತಾಪದಿಂದ 240 ಡಿಗ್ರಿಗೆ ಎಳೆದು ಊಹಿಸಿರುತ್ತಾರೆ. ಛೇದದಲ್ಲಿರುವ ಅಂಕಿ ಚಿಕ್ಕದು, ತುಸು ಹೆಚ್ಚುಕಡಿಮೆ ಆದರೂ ಉತ್ತರ ಹಾರಾಡುತ್ತದೆ. ಆಮ್ಲದ ಟೆಸ್ಟ್ ಟ್ಯೂಬ್ ಹೇಳಿದ್ದನ್ನು ಮೊದಲು ನಂಬಿ.

ಗಡಿಯಲ್ಲಿ ಟ್ಯೂಬು ಬೇಕೇಬೇಕು ಅಂದರೆ ಪಿಪಿಯಲ್ಲಿ ಕಲಸಿದ ಶೇ 20ರ ಮಾಸ್ಟರ್‌ಬ್ಯಾಚ್ ಸಿಗುತ್ತದೆ. ಪಿಪಿಯಿಂದ ನೈಲಾನ್ ಕಡೆಗೆ ಟ್ಯೂಬು ದಾಟುವಾಗ ಕೆಲವು ಗಡಿಯಲ್ಲಿ ಸಿಕ್ಕಿಬೀಳುತ್ತವೆ. 5 ಕೆಜಿಗೆ: ಮಾಸ್ಟರ್‌ಬ್ಯಾಚ್ 250, ಪಿಪಿ 1035, ಕಸಿ ಪಿಪಿ 250, ನೈಲಾನ್ 3465 ಗ್ರಾಂ. ಆದರೆ ಉದ್ದನೆಯ ತೆಳು ಟ್ಯೂಬು ಗಡಿ ದಾಟುವುದು ಬಲು ಬೇಗ, ನಿಮಿಷಗಳ ಮಾತು. ಎಕ್ಸ್‌ಟ್ರೂಡರ್‌ನಿಂದ ಬಂದದ್ದನ್ನು ಇಂಜೆಕ್ಷನ್‌ನಲ್ಲಿ ಮತ್ತೆ ಕರಗಿಸಿದಾಗ ಅದೂ ಬದಲಾಗುತ್ತದೆ. ದಾಣಾ ನೋಡಿ ತೀರ್ಪು ಕೊಡಬೇಡಿ, ಅಚ್ಚಿನ ತುಂಡು ನೋಡಿ.

ಮಚ್ಛೆ_ಮೋಲ್ಡರ್

ಗ್ರಾಫೀನ್ ಪ್ಲೇಟ್ಲೆಟ್ ಅಗ್ಗ ಐತಲ್ರಿ? ಅದನ್ನ ಹಾಕಿದ್ರ?

ಕಡಕ್_ಕುಂದಾ

ಸವೆತಕ್ಕೆ ಚಲೋ, ಬುಷ್‌ಗೆ ನೋಡಬಹುದು. ಪಿಕರ್‌ಗೆ ಬೇಡ. ಹಾಳೆ ಪೂರ್ತಿ ಬಿಚ್ಚುವುದಿಲ್ಲ, ಕಟ್ಟುಗಳಾಗಿ ಉಳಿದು ಏಟಿಗೆ ಅಡ್ಡ ಬಿದ್ದಾಗ ಕಟ್ಟಿನ ಒಳಗೇ ಸೀಳುತ್ತದೆ. ವಾಹಕತೆಗೂ ಟ್ಯೂಬಿಗಿಂತ ಹೆಚ್ಚು ಪ್ರಮಾಣ ಬೇಕು.

ಏಟು ತಾಳಿಕೆ ನಿಜಕ್ಕೂ ಕೊಡುವುದು ರಬ್ಬರ್. ಶೇ 6–8 ಮೆಲೆಯಿಕ್ ಕಸಿ ಮಾಡಿದ ಪಿಓಇ ಅಥವಾ ಎಸ್‌ಇಬಿಎಸ್ (ಎರಡೂ ರಬ್ಬರ್‌ನಂಥ ಪಾಲಿಮರ್) ಪಿಪಿಯ ಪಾಲಿನಿಂದ ಕಡಿತ ಮಾಡಿ ಹಾಕಿ. ರಬ್ಬರ್ ಹನಿಗಳ ನಡುವಿನ ನೈಲಾನ್ ಗೋಡೆ ಸುಮಾರು 0.3 ಮೈಕ್ರೊಮೀಟರ್‌ಗಿಂತ ತೆಳುವಾದಾಗ ನೈಲಾನ್ ಪೆಡಸುತನ ಬಿಟ್ಟು ಹಿಗ್ಗತೊಡಗುತ್ತದೆ. ರಬ್ಬರ್ ತಿಂದ ಬಿಗಿತವನ್ನು ಸಿಎನ್‌ಟಿ ವಾಪಸ್ ಕೊಡುತ್ತದೆ. ಈ ಕೆಲಸಕ್ಕೆ ಅದು ಯೋಗ್ಯ. ರಬ್ಬರ್ ಹಾಕಿದರೆ ಕಸಿ ಪಿಪಿಯನ್ನು 2–3ಕ್ಕೆ ಇಳಿಸಿ, ಎರಡೂ ಅದೇ ಅಮೀನ್ ತುದಿಗೆ ಹೋರಾಡುತ್ತವೆ, ಕರಗಿದ ದ್ರವವೂ ವಿಪರೀತ ಮಂದವಾಗುತ್ತದೆ.

ಘಟಪ್ರಭಾ_ದಂಡೆ

ಎಕ್ಸ್‌ಟ್ರೂಡರ್ ಸೆಟ್ಟಿಂಗ್, ಬಾಡಿಗೆಗೆ ಸಿಗುವ 25 ಮಿಮೀ ಕೋ-ರೊಟೇಟಿಂಗ್ ಟ್ವಿನ್ ಸ್ಕ್ರೂ, ಎಲ್/ಡಿ 40 (ಸ್ಕ್ರೂ ಉದ್ದ ವ್ಯಾಸದ 40 ಪಟ್ಟು) ಲೆಕ್ಕಕ್ಕೆ: ಹಾಪರ್ ಬಾಯಿ ನೀರಿನಿಂದ ತಂಪು, ಆಮೇಲೆ 215, 225, 230, 235, 235, 230, ಡೈ 235. ಸ್ಕ್ರೂ 250 ಆರ್‌ಪಿಎಂ, ಗಂಟೆಗೆ 6 ಕೆಜಿ. ಮೋಟರ್ ನಿವ್ವಳ 1.5 ಕಿಲೋವ್ಯಾಟ್ ಎಳೆದರೆ ಕೆಜಿಗೆ 0.25 ಯೂನಿಟ್. ಪ್ರತಿ ರನ್‌ಗೆ ಈ ಒಂದು ಅಂಕಿ ಬರೆದಿಡಿ, ಮುಂದೆ ಬ್ಯಾಚ್ ಬ್ಯಾಚ್‌ಗೆ ವ್ಯತ್ಯಾಸ ಬಂದಾಗ ಇದೇ ಕೈಹಿಡಿಯುತ್ತದೆ. ತಾಪ ಏರಿಸಿದರೆ ಕಲಸುವುದು ಸುಲಭ ಅನ್ನಿಸುತ್ತದೆ, ಆದರೆ ದ್ರವ ತೆಳುವಾಗಿ ಗಂಟು ಒಡೆಯುವ ಒತ್ತಡವೇ ಇಳಿಯುತ್ತದೆ. ಆರ್‌ಪಿಎಂ 500ಕ್ಕೆ ಒಯ್ದರೆ ಗಂಟಿನ ಜೊತೆ ಟ್ಯೂಬೂ ತುಂಡಾಗುತ್ತದೆ. ವ್ಯಾಕ್ಯೂಮ್ ವೆಂಟ್ ಮುಚ್ಚಬೇಡಿ.

ನೀರಿನ ತೊಟ್ಟಿ ದಾಟಿದ ದಾಣಾ ಮತ್ತೆ ಒದ್ದೆ. ಮತ್ತೆ ಆರು ತಾಸು ಒಣಗಿಸಿಯೇ ಇಂಜೆಕ್ಷನ್. ಬ್ಯಾರೆಲ್ 230–245, ಅಚ್ಚು 80 ಡಿಗ್ರಿ. ತಂಪು ಅಚ್ಚು, ಜೋರು ಇಂಜೆಕ್ಷನ್ ಮಾಡಿದರೆ ಮೇಲ್ಪದರದಲ್ಲಿ ಟ್ಯೂಬು ಹರಿವಿನ ದಿಕ್ಕಿಗೆ ಮಲಗಿ ಒಂದಕ್ಕೊಂದು ತಾಗುವುದಿಲ್ಲ, ಸ್ಟ್ಯಾಟಿಕ್ ಹೋಗುವುದಿಲ್ಲ. ಒಳಗೆ ಕೊರೆದು ನೋಡಿದರೆ ವಾಹಕತೆ ಇರುತ್ತದೆ!

ಮಚ್ಛೆ_ಮೋಲ್ಡರ್

ಮಲ್ಟಿಮೀಟರ್ ಹಚ್ಚಿದ್ರ ಓಪನ್ ತೋರಸ್ತೈತಿ, ಹಂಗಂದ್ರ ವಾಹಕತೆ ಇಲ್ಲಂತ ತಿಳೀಬ್ಯಾಡ್ರಿ. ಸ್ಟ್ಯಾಟಿಕ್ ಹೋಗಾಕ ಮೇಲ್ಮೈಯೊಳಗ ಹತ್ತರ ಘಾತ 6ರಿಂದ 9 ಓಮ್ ಸಾಕು, ಅದರಾಗ ಮ್ಯಾಲಿನ ಪಾಲು ಸಾದಾ ಮೀಟರಿನ ಅಳತಿಗೆ ಸಿಗೂದಿಲ್ಲ. ಮೋಟರ್ ವೈಂಡಿಂಗ್ ನೋಡೂ 500 ವೋಲ್ಟ್ ಮೆಗ್ಗರ್ ತಗೋರಿ, ಎರಡು ಗೆರಿ ಸಿಲ್ವರ್ ಪೇಂಟ್ ಬಳದು ನಡುವ ಹಿಡೀರಿ.

ಗುಮ್ಮಟ_ಪ್ರತಿಧ್ವನಿ

ಒಪ್ಪಿದೆ. ಆದರೆ ವಾಹಕತೆ ಚೆನ್ನಾಗಿ ಬಂತು ಎಂದು ಚೆದುರುವಿಕೆಯೂ ಚೆನ್ನಾಗಿದೆ ಎನ್ನಬೇಡಿ. ಅರೆಬರೆ ಗುಂಪು ಕಟ್ಟಿದ ಟ್ಯೂಬು ಎಷ್ಟೋ ಸಲ ಇನ್ನೂ ಚೆನ್ನಾಗಿ ಕರೆಂಟ್ ಹರಿಸುತ್ತದೆ, ಬಲಕ್ಕೆ ಮಾತ್ರ ಕೆಟ್ಟದ್ದು.

ಇನ್ನೊಂದು. ಚಾರ್ಪಿ ಒಂದೇ ಏಟು. ಮಗ್ಗ ನಿಮಿಷಕ್ಕೆ 120 ಪಿಕ್ (ಶಟಲ್‌ನ ಒಂದು ಓಟ) ಓಡಿದರೆ ಒಂದು ಬದಿಯ ಪಿಕರ್‌ಗೆ 60 ಏಟು, ಎಂಟು ತಾಸಿನ ಪಾಳಿಗೆ 28,800. ಚಾರ್ಪಿಯಲ್ಲಿ ಗೆದ್ದದ್ದು ಇಲ್ಲಿ ಸೋಲಬಹುದು. ಹಳೆಯ ಮಗ್ಗದ ಒಂದು ಬದಿಗೆ ಮಿಶ್ರಣದ ಪಿಕರ್, ಇನ್ನೊಂದು ಬದಿಗೆ ಬಳಕೆಯ ಪಿಕರ್ ಹಾಕಿ, ವಾರಕ್ಕೊಮ್ಮೆ ಬದಿ ಅದಲುಬದಲು ಮಾಡಿ, ಶಟಲ್ ಕುಳಿಯ ಆಳ ಡೆಪ್ತ್ ಗೇಜ್‌ನಿಂದ ಅಳೆಯಿರಿ. ಬದಿ ಬದಲಿಸದಿದ್ದರೆ ಮಗ್ಗದ ಹೊಂದಾಣಿಕೆಯ ದೋಷ ಪ್ಲಾಸ್ಟಿಕ್ಕಿನ ದೋಷವಾಗಿ ಕಾಣುತ್ತದೆ.

ಬನಹಟ್ಟಿ_ಪಿಕರ್

ಹಾಗಾದರೆ ಹೀಗೆ ಮಾಡುತ್ತೇವೆ. ಪಿಪಿ ಎಂಎಫ್‌ಐ 8ರದ್ದು, ಎಲ್ಲವೂ ಟ್ವಿನ್ ಸ್ಕ್ರೂನಲ್ಲಿ. ಅ: ಬರಿ 70/30. ಆ: ಅದಕ್ಕೆ ಶೇ 5 ಕಸಿ ಪಿಪಿ. ಇ: ಆ ಜೊತೆ ಸಿಎನ್‌ಟಿ ಶೇ 1. ಈ: ಸಿಎನ್‌ಟಿ 1.5, ರಬ್ಬರ್ 7, ಕಸಿ ಪಿಪಿ 2.5. ಹೊಸ ದಾಣಾ ದುಬಾರಿ, ಅ ಬ್ಯಾಚಿಗೆ ಹಳೆಯ ಇಂಜೆಕ್ಷನ್ ಅಂಕಿಯನ್ನೇ ಹಿಡಿಯಬಹುದೇ? ಪುಡಿ ಸಿಎನ್‌ಟಿ ಅಗ್ಗಕ್ಕೆ ಸಿಗುತ್ತದೆ, ಮಾಸ್ಟರ್‌ಬ್ಯಾಚ್ ಬದಲು ಅದನ್ನು ತರಲೇ?

ಘಟಪ್ರಭಾ_ದಂಡೆ

ಎರಡಕ್ಕೂ ಬೇಡ. ಅ ಕೂಡ ಅದೇ ಸ್ಕ್ರೂ, ಅದೇ ತಾಪ ದಾಟಬೇಕು. ಒಂದು ಸಲ ಹೆಚ್ಚು ಕರಗಿದ ದಾಣಾವನ್ನು ಕರಗದ ದಾಣಾದೊಂದಿಗೆ ಹೋಲಿಸಿದರೆ ಪಿಪಿ ಸುಟ್ಟದ್ದೂ ಸಿಎನ್‌ಟಿ ಲೆಕ್ಕಕ್ಕೆ ಹೋಗುತ್ತದೆ. ಜೊತೆಗೆ ಇನ್ನೊಂದು ಬ್ಯಾಚ್ ಸೇರಿಸಿ: ರಬ್ಬರ್ 7, ಕಸಿ ಪಿಪಿ 2.5, ಸಿಎನ್‌ಟಿ ಸೊನ್ನೆ. ಅದಿಲ್ಲದಿದ್ದರೆ 'ಈ' ಚೆನ್ನಾಗಿ ಬಂದಾಗ ಯಾರಿಂದ ಬಂತು ಎಂದು ಹೇಳಲಾರಿರಿ. ಬಿಳಿ ಬ್ಯಾಚ್‌ಗಳನ್ನೆಲ್ಲ ಮೊದಲು ಓಡಿಸಿ, ಕಪ್ಪನ್ನು ಕೊನೆಗೆ. ತಿರುವಿದರೆ ಬ್ಯಾರೆಲ್ ತೊಳೆಯಲು ಎಚ್‌ಡಿಪಿಇ ಪ್ಲಾಸ್ಟಿಕ್ ಕೆಜಿಗಟ್ಟಲೆ ಹೋಗುತ್ತದೆ, ಆದರೂ ಕಪ್ಪು ಗೆರೆ ಬರುತ್ತಲೇ ಇರುತ್ತದೆ.

ಪುಡಿ ಖಂಡಿತ ಬೇಡ. ಡಬ್ಬಿ ತೆರೆದರೆ ಹೊಗೆಯಂತೆ ಏಳುತ್ತದೆ. ಅಮೆರಿಕದ ನಯೋಶ್ (ಕೆಲಸಗಾರರ ಸುರಕ್ಷತೆಯ ಸಂಶೋಧನಾ ಸಂಸ್ಥೆ) 2013ರಲ್ಲಿ ಹೇಳಿದ ಮಿತಿ ಒಂದು ಘನ ಮೀಟರ್ ಗಾಳಿಯಲ್ಲಿ 1 ಮೈಕ್ರೊಗ್ರಾಂ, ಎಂಟು ತಾಸಿನ ಸರಾಸರಿ. ಒಂದು ಬಗೆಯ ಬಿರುಸು ಟ್ಯೂಬನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2ಬಿ ಗುಂಪಿಗೆ ಸೇರಿಸಿದೆ, ಅಂದರೆ ಕ್ಯಾನ್ಸರ್ ತರಬಹುದಾದದ್ದು. ಶೆಡ್ಡಿನಲ್ಲಿ ಫ್ಯಾನ್ ಹಾಕಿ ಪುಡಿ ಸುರಿಯುವ ಪದ್ಧತಿ ಇಲ್ಲಿ ನಡೆಯುವುದಿಲ್ಲ. ಮಾಸ್ಟರ್‌ಬ್ಯಾಚ್ ಆದರೂ ಚೀಲದ ತಳದ ನುಸಿ ಊದಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ. ನಾಚ್ ಕತ್ತರಿಸುವಾಗ, ಪಿಕರ್‌ಗೆ ರಂಧ್ರ ಕೊರೆಯುವಾಗ ಹೆಪಾ ವ್ಯಾಕ್ಯೂಮ್ ಪಕ್ಕದಲ್ಲಿರಲಿ, ಪಿ100 ಮಾಸ್ಕ್ ಇರಲಿ (ಎರಡೂ ಅತಿ ಸೂಕ್ಷ್ಮ ಧೂಳು ತಡೆಯುವಂಥವು). ಏರ್ ಗನ್ ಹೊಡೆಯುವ ಚಟ ಬಿಡಿ.

ಬನಹಟ್ಟಿ_ಪಿಕರ್

ಸರಿ. ಐದು ಬ್ಯಾಚ್, ಬಿಳಿ ಮೊದಲು. ಅಲ್ಯೂಮಿನಿಯಂ ಚೀಲಕ್ಕೆ ಆರ್ಡರ್ ಹಾಕಿದೆ. ತೂಕದ ಪಟ್ಟಿ ಸಮೇತ ಅಂಕಿಗಳನ್ನು ಇಲ್ಲೇ ಹಾಕುತ್ತೇನೆ.

ಗುಮ್ಮಟ_ಪ್ರತಿಧ್ವನಿ

ಮುರಿದ ಪಟ್ಟಿಗಳನ್ನು ಎಸೆಯಬೇಡಿ ಮತ್ತ. ಅಂಕಿ ವಿಚಿತ್ರ ಬಂದ ಪಟ್ಟಿಯ ಮುರಿದ ಮುಖವನ್ನೇ ಮೊದಲು ಲೆನ್ಸ್ ಹಿಡಿದು ನೋಡಬೇಕು.